ಸೈಲೆನ್ಸರ್ ಕಡಿದ ಫಿಟ್ಟರ್

"ಗುರುಗಳೇ, ಮೊದಲಿದ್ದದ್ದು ಮರಳಿ ಬರಬೇಕಾದರೆ ಇನ್ನೂ ಏನನ್ನು ಬಿಡಬೇಕು?" ಎಂದು ಪಂಚಾಕ್ಷರಿ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಮೊದಲ ವರ್ಷ ಬೆಳಗಿನ ಹೊತ್ತು ಕಣ್ಣು ಮುಚ್ಚಿ ಕುಳಿತರೆ ಸಾಕು, ಮನಸ್ಸು ತಾನಾಗಿ ನಿಲ್ಲುತ್ತಿತ್ತು. ಕೆಲವು ದಿನ ಕಣ್ಣಲ್ಲಿ ನೀರೂ ಬರುತ್ತಿತ್ತು. ಈಗ ಬರುವುದು ಮಂಡಿನೋವು ಮಾತ್ರ. ಆ ಸುಖ ಎಲ್ಲಿ ಹೋಯಿತೆಂದು ಹುಡುಕುತ್ತ ಅವನು ಒಂದೊಂದನ್ನೇ ಬಿಡುತ್ತ ಬಂದಿದ್ದ. ರಾತ್ರಿಯ ಊಟ ಬಿಟ್ಟ. ದಾಸೋಹದ ಮನೆಯಲ್ಲಿ ಮಾತು ಬಿಟ್ಟ. ಸಂಜೆಯ ಭಜನೆಯಲ್ಲಿ ಹಾಡುವುದನ್ನೂ ಬಿಟ್ಟ. ಮನಸ್ಸು ನಿಲ್ಲಲಿಲ್ಲ.

ಗುರುಗಳು ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಇನ್ನು ಬಿಡಲು ಏನು ಉಳಿದಿದೆ?" ಎಂದರು.

"ಹುಣ್ಣಿಮೆಗೊಮ್ಮೆ ಅಕ್ಕನ ಮನೆಗೆ ಹೋಗಿ ಬರುತ್ತೇನಲ್ಲ, ಅದೊಂದು ಉಳಿದಿದೆ. ತಮ್ಮ ಅಪ್ಪಣೆಯಾದರೆ ಅದನ್ನೂ ಬಿಡೋಣವೆಂದಿದ್ದೇನೆ."

"ಹೋಗಿ ಏನು ಮಾಡುತ್ತೀ?"

"ಏನೂ ಇಲ್ಲ. ಹೋದ ಕೂಡಲೇ ಬಿಸಿ ರೊಟ್ಟಿ ಹಾಕುತ್ತಾಳೆ. ಉಂಡು ಬರುತ್ತೇನೆ. ಅಷ್ಟೇ."

ಗುರುಗಳು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟರು. "ಕೂತುಕೋ. ನಿಂತು ಕೇಳಿದರೆ ಕತೆ ಕಾಲಿಗೆ ಇಳಿದುಬಿಡುತ್ತದೆ" ಎಂದರು. ಪಂಚಾಕ್ಷರಿ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರು. ಹೆಸರು ಬೇಡ, ಹೆಸರು ಹೇಳಿದರೆ ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ನೀನು ಯೋಚಿಸುತ್ತೀ. ಆ ಊರಿನಲ್ಲಿ ಒಂದು ಮಿಲ್ಲು, ಒಂದು ರೈಲ್ವೆ ಗೇಟು, ಒಂದು ಹೊಳೆ. ನಾನು ಹೇಳುವ ಕಾಲದಲ್ಲಿ ಅಲ್ಲಿ ಮೂರೇ ಮೂರು ಮೋಟಾರ್ ಸೈಕಲ್ಲುಗಳಿದ್ದವು. ಜನ ಪಟಪಟಿ ಎನ್ನುತ್ತಿದ್ದರು. ಒಂದು ಡಾಕ್ಟರದು, ಒಂದು ಮಿಲ್ಲಿನ ಮ್ಯಾನೇಜರದು, ಮೂರನೆಯದು ಅದೇ ಮಿಲ್ಲಿನ ಒಬ್ಬ ಮಿಸ್ತ್ರಿಯದು. ಯಾವುದು ಯಾರದೆಂದು ಓಣಿಯ ಮಕ್ಕಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಡಾಕ್ಟರದು ಅವಸರದ ಸದ್ದು. ಮ್ಯಾನೇಜರದು ಕೆಮ್ಮುವ ಸದ್ದು. ಮಿಸ್ತ್ರಿಯದು ಮೆತ್ತಗೆ, ಒಂದೇ ಹದದಲ್ಲಿ, ದೂರದ ಹಿಟ್ಟಿನ ಗಿರಣಿಯ ಹಾಗೆ. ಈಗ ದಿನಕ್ಕೆ ಸಾವಿರ ಗಾಡಿ ಹೋಗುತ್ತವೆ, ಯಾರು ಹೋದರೆಂದು ಯಾರಿಗೂ ತಿಳಿಯುವುದಿಲ್ಲ. ಇರಲಿ. ಆ ಕಾಲವನ್ನು ನೆನೆಯುತ್ತ ಕೂತರೆ ನನ್ನ ಕತೆಯೂ ಮುಂದೆ ಹೋಗುವುದಿಲ್ಲ.

ಮಿಸ್ತ್ರಿ ಮಾತು ಕಡಿಮೆಯ ಮನುಷ್ಯ. ಅವನಿಗೆ ಒಬ್ಬನೇ ಮಗ. ಭಾನುವಾರ ಸಂಜೆ ಮಗನನ್ನು ಮುಂದೆ ಕೂರಿಸಿಕೊಂಡು ಹೊಳೆಯ ಸೇತುವೆಯವರೆಗೆ ಹೋಗಿ ಬರುತ್ತಿದ್ದ. ಹೋಗುವಾಗಲೂ ಮಾತಿಲ್ಲ, ಬರುವಾಗಲೂ ಮಾತಿಲ್ಲ. ಗಾಡಿಯ ಸದ್ದೇ ಅವರಿಬ್ಬರ ಮಾತು. ಮಗ ವಾರವೆಲ್ಲ ಆ ಭಾನುವಾರಕ್ಕೆ ಕಾಯುತ್ತಿದ್ದ.

ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ ಮಿಸ್ತ್ರಿ ತೀರಿಕೊಂಡ. ಮಧ್ಯಾಹ್ನ ಎದೆನೋವು ಎಂದ, ಸಂಜೆಗೆ ಮುಗಿಯಿತು. ಪಟಪಟಿಗೆ ಗೋಣಿತಾಟು ಹೊದಿಸಿ ಹಿತ್ತಲ ಶೆಡ್ಡಿನಲ್ಲಿ ನಿಲ್ಲಿಸಿದರು. ಗುಜರಿಯವನು ಮೂರು ಸಲ ಬಂದು ಕೇಳಿದ. ಮಿಸ್ತ್ರಿಯ ಹೆಂಡತಿ ಕೊಡಲಿಲ್ಲ. ಗಾಡಿ ಹತ್ತು ವರ್ಷ ಅಲ್ಲೇ ನಿಂತಿತ್ತು.

ಮಗ ಬೆಳೆದು ಅದೇ ಮಿಲ್ಲಿಗೆ ಫಿಟ್ಟರ್ ಆಗಿ ಸೇರಿದ. ಕೈಗೆ ಕೆಲಸ ಹತ್ತಿದ ಮೇಲೆ ಅವನು ಮೊದಲು ಮಾಡಿದ್ದು ಗೋಣಿತಾಟು ಎತ್ತಿ ಗಾಡಿಯನ್ನು ಬಿಚ್ಚಿದ್ದು. ಮೂರು ತಿಂಗಳು ತಿಕ್ಕಿದ, ತೊಳೆದ, ಜೋಡಿಸಿದ. ಒಂದು ಬೆಳಿಗ್ಗೆ ಅದು ಉಸಿರಾಡಿತು. ಅವತ್ತಿನಿಂದ ಅವನು ಅದರಲ್ಲೇ ಮಿಲ್ಲಿಗೆ ಹೋಗಿ ಬರತೊಡಗಿದ.

ಮಿಲ್ಲಿನಿಂದ ಬಂದು ಗಾಡಿ ನಿಲ್ಲಿಸಿ, ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು ಹೊಸ್ತಿಲು ದಾಟಿದರೆ ಟೀ ಸಿದ್ಧವಾಗಿರುತ್ತಿತ್ತು. ಆಗ ತಾನೇ ಸೋಸಿದ ಟೀ. ಒಂದು ದಿನವೂ ತಡವಾಗಲಿಲ್ಲ, ಒಂದು ದಿನವೂ ಆರಿರಲಿಲ್ಲ. ಪಾಳಿ ಬದಲಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಅಷ್ಟೇ. ಇದು ಹೇಗೆ ಎಂದು ಅವನು ಕೇಳಲಿಲ್ಲ. ಆರಿದ ಟೀ ಸಿಕ್ಕವನು ಕೇಳುತ್ತಾನೆ, ಬಿಸಿ ಟೀ ಸಿಕ್ಕವನು ಕುಡಿಯುತ್ತಾನೆ.

ಅವನಿಗೆ ಮದುವೆಯಾಯಿತೇ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ, ಆಯಿತು. ಸೊಸೆ ಒಳ್ಳೆಯವಳು. ಅಡಿಗೆಮನೆಯನ್ನೆಲ್ಲ ವಹಿಸಿಕೊಂಡಳು. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ, ಬೆಂಕಿಯ ಹತ್ತಿರ ಹೋಗಬೇಡಿ ಎಂದಳು. ಅತ್ತೆ ಒಪ್ಪಿ ಎಲ್ಲವನ್ನೂ ಬಿಟ್ಟುಕೊಟ್ಟಳು. ಮಗನ ಟೀ ಒಂದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಹೀಗೆ ಇಪ್ಪತ್ತಮೂರು ವರ್ಷ ನಡೆಯಿತು. ಅಪ್ಪ ತೀರಿಕೊಂಡ ವಯಸ್ಸಿಗೆ ಮಗ ಬಂದ. ಆ ವಯಸ್ಸಿಗೆ ಬಂದವನು ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾನೆ. ಇವನೂ ನೋಡಿದ. ಅಪ್ಪನ ಮುಖವನ್ನು ನೆನೆದುಕೊಂಡರೆ ಗೋಡೆಯ ಮೇಲಿನ ಫೋಟೋ ನೆನಪಾಗುತ್ತಿತ್ತು, ಮುಖ ನೆನಪಾಗುತ್ತಿರಲಿಲ್ಲ. ದನಿಯಂತೂ ಮೊದಲೇ ಕಡಿಮೆ, ಅದು ಯಾವಾಗಲೋ ಹೋಗಿತ್ತು. ಉಳಿದದ್ದು ಆ ಭಾನುವಾರಗಳ ಸದ್ದು. ಮೈಯೆಲ್ಲ ತುಂಬುವ ಸದ್ದು, ಹಲ್ಲಿಗೂ ತಿಳಿಯುವ ಸದ್ದು.

ಒಂದು ದಿನ ಗಾಡಿ ಓಡಿಸುತ್ತಿರುವಾಗ ಅವನಿಗೆ ಅನ್ನಿಸಿತು, ಇದು ಆ ಸದ್ದಲ್ಲ. ಗಾಡಿ ಅದೇ, ಸದ್ದು ಬಡಕಲು. ಅವನಿಗೆ ಹೆದರಿಕೆಯಾಯಿತು. ಇದೂ ಹೋದರೆ ಅಪ್ಪನದೆಂದು ತನ್ನೊಳಗೆ ಏನೂ ಉಳಿಯುವುದಿಲ್ಲ ಎಂದುಕೊಂಡ. ಆ ಸದ್ದನ್ನು ಮರಳಿ ತಂದೇ ತೀರಬೇಕೆಂದು ಹಟ ಹಿಡಿದ.

ಫಿಟ್ಟರಿಗೆ ದುಃಖವಾದರೆ ಪಾನಾ ಹಿಡಿಯುತ್ತಾನೆ. ಹಿತ್ತಲ ಶೆಡ್ಡಿನಲ್ಲಿ ಅವನಿಗೆ ಬೇಕಾದದ್ದೆಲ್ಲ ಇತ್ತು. ಒಂದು ಹಲಗೆ ಮೇಜು, ಅದಕ್ಕೆ ಬಿಗಿದ, ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು, ಕಡಿಯುವ ಹ್ಯಾಕ್ಸಾ, ನಾಲ್ಕಾರು ಅರ, ವೆಲ್ಡಿಂಗಿನ ಸಾಮಾನು. ರಜೆಯ ದಿನ ಅಲ್ಲಿ ಕೂತು ಕಾರ್ಬುರೇಟರ್ ಬಿಚ್ಚಿ ತೊಳೆದ. ವಾಲ್ವು ಸರಿಮಾಡಿದ. ಹೊಸ ಪ್ಲಗ್ಗು ಹಾಕಿದ. ಸದ್ದು ಬದಲಾಗಲಿಲ್ಲ. ಕೊನೆಗೆ ಸೈಲೆನ್ಸರ್ ಬಿಚ್ಚಿ ಅದಕ್ಕೆ ಕಾಸ್ಟಿಕ್ ಸೋಡಾದ ನೀರು ತುಂಬಿಸಿಟ್ಟ. ಮೂವತ್ತು ನಲವತ್ತು ವರ್ಷದ ಮಸಿ ಕಪ್ಪು ಗಂಜಿಯಾಗಿ ಇಳಿಯಿತು. ತೊಳೆದು ಜೋಡಿಸಿ ಒದ್ದು ಚಾಲು ಮಾಡಿದರೆ, ಸದ್ದು ಒಂದಿಷ್ಟು ಬಿಚ್ಚಿಕೊಂಡಿತ್ತು. ದಾರಿ ಸಿಕ್ಕಿತು ಎಂದುಕೊಂಡ.

ಸೈಲೆನ್ಸರ್ ಎಂದರೆ ಏನೆಂದು ನಿನಗೆ ಗೊತ್ತಿರಲಿ. ಎಂಜಿನ್ನಿನ ಸಿಟ್ಟನ್ನು ಇಳಿಸುವ ಕೊಳವೆ ಅದು. ಒಳಗೆ ತೂತುಗಳ ಇನ್ನೊಂದು ಕೊಳವೆ, ನಡುನಡುವೆ ಅಡ್ಡ ತಟ್ಟೆಗಳು. ಹೊಗೆ ಅಲ್ಲೆಲ್ಲ ಸುತ್ತಿ ಸುಳಿದು ಮೆತ್ತಗಾಗಿ ಹೊರಗೆ ಬರುತ್ತದೆ. ಕೊಳವೆ ಗಿಡ್ಡವಾದಷ್ಟೂ ಸದ್ದು ದೊಡ್ಡದಾಗುತ್ತದೆ. ಇವನ ನೆನಪಿನಲ್ಲಿದ್ದದ್ದು ದೊಡ್ಡ ಸದ್ದು. ಹಾಗಾಗಿ ಕೊಳವೆಯನ್ನು ಕಡಿಯಬೇಕು. ಬುದ್ಧಿವಂತನ ಲೆಕ್ಕ, ಎಲ್ಲೂ ತಪ್ಪಿಲ್ಲ.

ಮಿಲ್ಲಿನಲ್ಲಿ ನಕ್ಷೆ ನೋಡದೆ ಅವನು ಒಂದು ಬೋಲ್ಟನ್ನೂ ಕಡಿದವನಲ್ಲ. ಮನೆಯಲ್ಲಿ ನಕ್ಷೆ ಎಲ್ಲಿಂದ ಬರಬೇಕು? ಕಿವಿಯನ್ನೇ ನಕ್ಷೆ ಮಾಡಿಕೊಂಡ. ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಸೀಮೆಸುಣ್ಣದಿಂದ ಗೆರೆ ಎಳೆದ. ಹಾಗೆ ಎಳೆದರೆ ಗೆರೆ ಓರೆಯಾಗುವುದಿಲ್ಲ. ನೆಗ್ಗಬಾರದೆಂದು ಎರಡೂ ಕಡೆ ಮರದ ತುಂಡು ಕೊಟ್ಟು ವೈಸಿಗೆ ಬಿಗಿದ. ಬಾಲದ ಕಡೆಯಿಂದ ಎರಡು ಬೆರಳಗಲ ಕಡಿದ. ಅರ ಹಾಕಿ ಅಂಚನ್ನು ನುಣುಪು ಮಾಡಿದ. ಬಹಳ ಅಚ್ಚುಕಟ್ಟಾದ ಕೆಲಸ. ಕೆಡಿಸುವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವರಿದ್ದಾರೆ, ಪಂಚಾಕ್ಷರಿ. ಕಡಿದುಬಿದ್ದ ಉಂಗುರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ಗಾಡಿಯನ್ನು ಸೇತುವೆಯವರೆಗೆ ಓಡಿಸಿ ಕಿವಿಗೊಟ್ಟು ಕೇಳಿದ. ಸ್ವಲ್ಪ ಹತ್ತಿರ ಬಂತು ಅನ್ನಿಸಿತು.

ಮುಂದಿನ ರಜೆಗೆ ಕೊಳವೆಯಲ್ಲಿ ಇನ್ನೆರಡು ಬೆರಳಗಲ ಹೋಯಿತು. ಅದರ ಮುಂದಿನ ರಜೆಗೆ ಇನ್ನೆರಡು. ಪ್ರತಿ ಸಲವೂ ಸೇತುವೆಯ ಮೇಲೆ ನಿಂತು, ಇನ್ನೊಂದಿಷ್ಟು ಕಡಿದರೆ ಸಿಕ್ಕೇಬಿಡುತ್ತದೆ ಎಂದುಕೊಳ್ಳುತ್ತಿದ್ದ. ಮೊಳೆಯಲ್ಲಿ ಉಂಗುರಗಳು ಹೆಚ್ಚಿದವು. ಎದುರು ಮನೆಯ ಮೇಷ್ಟ್ರು ಅವನನ್ನು ನಿಲ್ಲಿಸಿ, "ಏನಪ್ಪಾ, ಟ್ರ್ಯಾಕ್ಟರ್ ತಗೊಂಡ್ಯಾ?" ಎಂದರು. ಅವನು ನಕ್ಕು ಮುಂದೆ ಹೋದ.

ಈ ನಡುವೆ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯುತ್ತಿತ್ತು. ಮೊದಲ ಉಂಗುರ ಬಿದ್ದ ವಾರ ಟೀ ಎಂದಿನಂತೆ ಸಿದ್ಧವಿತ್ತು. ಎರಡನೆಯದು ಬಿದ್ದ ವಾರ ನೀರು ಇನ್ನೂ ಕಾಯುತ್ತಿತ್ತು. ಮೂರನೆಯದರ ಹೊತ್ತಿಗೆ ಅವನು ಕೂತು ಕಾಯಬೇಕಾಯಿತು. ಅವ್ವನಿಗೆ ವಯಸ್ಸಾಯಿತು ಎಂದು ಅವನು ಮರುಗಿದ. ಟೀ ಸೊಸೆಯೇ ಮಾಡಲಿ ಎಂದೂ ಹೇಳಿದ. ಅವ್ವ ಒಲೆಯ ಮುಂದಿನಿಂದ ಕದಲಲಿಲ್ಲ.

ಆರನೆಯ ಉಂಗುರ ಬಿತ್ತು. ಗಾಡಿ ಚಾಲು ಮಾಡಿದಾಗ ಶೆಡ್ಡಿನ ತಗಡು ನಡುಗಿತು, ನುಗ್ಗೆಮರದ ಕಾಗೆಗಳೆಲ್ಲ ಎದ್ದು ಹೋದವು. ಅವನು ಸೇತುವೆಗೆ ಹೋದ. ಬಹಳ ಹೊತ್ತು ಅಲ್ಲೇ ನಿಂತು, ಗಾಡಿಯನ್ನು ಏರಿಸಿ ಇಳಿಸಿ ಕೇಳಿದ. ಸದ್ದು ದೊಡ್ಡದಾಗಿತ್ತು. ಅದರಲ್ಲಿ ಅಪ್ಪ ಇರಲಿಲ್ಲ. ಗಣಪತಿಯನ್ನು ಮಾಡಲು ಹೋದವನು ಅವರಪ್ಪನನ್ನು ಮಾಡಿದನಂತೆ. ಇವನು ಅಪ್ಪನನ್ನೇ ಮಾಡಲು ಹೊರಟಿದ್ದ. ಏನನ್ನು ಮಾಡಿದನೋ ನೀನೇ ಹೇಳು.

ಮರುದಿನ ಸಂಜೆ ಅವನು ಮಿಲ್ಲಿನಿಂದ ಬಂದ. ಗಾಡಿ ನಿಲ್ಲಿಸಿದ, ಕೈಕಾಲು ತೊಳೆದ, ಹೊಸ್ತಿಲು ದಾಟಿದ. ಅವ್ವ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಲೆ ಹಚ್ಚಿರಲಿಲ್ಲ. ಇವನ ನೆರಳು ಬಿದ್ದಾಗ ಬೆಚ್ಚಿ ತಲೆಯೆತ್ತಿದಳು.

"ಯಾರು?"

"ನಾನೇ ಕಣವ್ವ."

"ನೀನಾ? ಬಂದಿದ್ದು ಗೊತ್ತೇ ಆಗ್ಲಿಲ್ಲ ನೋಡು. ಗಾಡಿ ಕೆಟ್ಟೋಯ್ತಾ? ನಡ್ಕೊಂಡು ಬಂದ್ಯಾ?"

"ಗಾಡೀಲೇ ಬಂದೆ. ಓಣಿಗೆಲ್ಲ ಕೇಳಿದೆ, ನಿಂಗೆ ಕೇಳ್ಲಿಲ್ವಾ?"

"ಅದು ನಿಂದಾ? ಯಾರೋ ಪಡ್ಡೆ ಹುಡುಗರದು ಅಂದ್ಕೊಂಡೆ. ನಿಮ್ಮಪ್ಪನ ಪಟಪಟಿ ರೈಲ್ವೆ ಗೇಟಿನ ತಿರುವಲ್ಲಿ ಗೇರ್ ಇಳಿಸಿದ್ರೆ ಇಲ್ಲಿಗೆ ಕೇಳ್ಸುತ್ತೆ. ಕೇಳಿದ ಕೂಡ್ಲೇ ನಾ ನೀರಿಡೋದು. ಗಾಡಿ ನಿಲ್ಸಿ ಕೈಕಾಲು ತೊಳ್ಕೊಂಡು ಬರೋ ಹೊತ್ತಿಗೆ ಟೀ ಆಗುತ್ತೆ. ಮದುವೆಯಾಗಿ ಬಂದಾಗಿಂದ ಹಂಗೇ. ಒಂದು ತಿಂಗಳಾಯ್ತು, ಆ ಸದ್ದು ಬರ್ತಾನೇ ಇಲ್ಲ."

ಮಗ ಅಲ್ಲೇ ಕೂತ. ನಡೆದದ್ದನ್ನೆಲ್ಲ ಹೇಳಿದ. ಅಪ್ಪನ ಗಾಡಿ ಮೊದಲು ದೊಡ್ಡ ಸದ್ದು ಮಾಡುತ್ತಿತ್ತು, ಅದನ್ನು ಮರಳಿ ತರಲು ಹೋದೆ ಎಂದ.

"ದೊಡ್ಡ ಸದ್ದಾ?" ಎಂದಳು ಅವ್ವ. "ಆ ಗಾಡಿ ಯಾವತ್ತು ದೊಡ್ಡ ಸದ್ದು ಮಾಡಿತ್ತಪ್ಪ? ನೀನು ಪೆಟ್ರೋಲ್ ಟ್ಯಾಂಕಿನ ಮೇಲೆ ಬೋರಲು ಬಿದ್ದು, ಅದಕ್ಕೆ ಕಿವಿ ಒತ್ಕೊಂಡು ನಿದ್ದೆ ಮಾಡ್ತಿದ್ದೆ. ಬಿದ್ದುಗಿದ್ದೀಯ ಅಂತ ಅವರು ನಿನ್ನ ಎದೇಲಿ ಒತ್ತಿ ಹಿಡ್ಕೊಂಡು ಗಾಡಿ ಬಿಡೋರು. ನಿಂಗೆ ದೊಡ್ಡದಾಗಿ ಕೇಳದೆ ಇನ್ನೇನು."

ಅವನು ಎರಡು ತಿಂಗಳು ಕಬ್ಬಿಣದಲ್ಲಿ ಹುಡುಕಿದ್ದು ಒಂದು ಮಗುವಿನ ಕಿವಿಯಲ್ಲಿತ್ತು, ಅದರ ಬೆನ್ನಿಗೆ ಒತ್ತಿದ್ದ ಎದೆಯಲ್ಲಿತ್ತು. ಅದು ಈಗ ಯಾವ ಶೆಡ್ಡಿನಲ್ಲೂ ತಯಾರಾಗುವುದಿಲ್ಲ.

ಅವ್ವ ಸುಲಿದ ಕಾಳನ್ನು ಬೆರಳಲ್ಲಿ ಆಡಿಸುತ್ತ ಇನ್ನೊಂದು ಮಾತು ಹೇಳಿದಳು. ಅದನ್ನು ಅವಳು ಅಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

"ಗೇರ್ ಇಳಿಸಿದ ಸದ್ದು ಬಂದ್ರೆ ಅವರೇ ಬಂದ್ರು ಅನ್ಸೋದು ಕಣೋ. ನೀನು ಹೊಸ್ತಿಲು ದಾಟೋ ತನಕ ಅವರೇ. ದಾಟಿದ ಮೇಲೆ ನೀನು. ನಂಗೆ ಅಷ್ಟು ಸಾಕಾಗಿತ್ತು."

ಹೇಳಿ ಅವಳು ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಟೀಗೆ ನೀರಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮುಂದಿನ ರಜೆಗೆ ಅವನು ಮೊಳೆಯಿಂದ ಉಂಗುರಗಳನ್ನು ಇಳಿಸಿದ. ಕಡಿದ ಕ್ರಮದಲ್ಲೇ ಇದ್ದವು. ಕೊನೆಯದನ್ನು ಮೊದಲು ಹಚ್ಚಿದ, ಮೊದಲನೆಯದನ್ನು ಕೊನೆಗೆ. ಆರು ಕಡೆ ಬೆಸುಗೆ. ಕೈ ಒಳ್ಳೆಯದು, ಅಳತೆ ನೂಲೆಳೆಯಷ್ಟೂ ತಪ್ಪಿರಲಿಲ್ಲ. ಗಾಡಿ ಚಾಲು ಮಾಡಿದ. ಅದು ಮೊದಲಿನ ಸದ್ದೂ ಅಲ್ಲ, ನಡುವಿನ ಸದ್ದೂ ಅಲ್ಲ. ಮತ್ತೊಂದು ರಜೆಗೆ ಬೆಸುಗೆ ಬಿಡಿಸಿ ಹೊಸದಾಗಿ ಹಾಕಿದ. ಆಗಲೂ ಆ ಸದ್ದು ಬರಲಿಲ್ಲ. ಒಳಗಿನ ಕೊಳವೆ ಎಲ್ಲೋ ಕೂದಲಷ್ಟು ಜರುಗಿತ್ತು. ಅಲ್ಲದೆ, ಸೋಡಾ ಹಾಕಿ ತೊಳೆದುಬಿಟ್ಟನಲ್ಲ, ಆ ಮಸಿಗೂ ಆ ಸದ್ದಿನಲ್ಲಿ ಪಾಲಿತ್ತು. ಅದನ್ನು ಎಲ್ಲಿಂದ ತರುತ್ತಾನೆ?

ಮತ್ತೊಮ್ಮೆ ಬಿಡಿಸಲು ಕೂತಾಗ ಅವ್ವ ಗೋಡೆ ತಡವಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು.

"ಸಾಕು ಬಿಡಪ್ಪ," ಎಂದಳು. "ಎಷ್ಟು ಸಲ ಅಂತ ಕರೀತೀಯ ಅವರನ್ನ."

ಅವನು ಹ್ಯಾಕ್ಸಾ ಕೆಳಗಿಟ್ಟ. ಮತ್ತೆ ಆ ಗಾಡಿಯನ್ನು ಬಿಚ್ಚಲಿಲ್ಲ. ಆರು ಬೆಸುಗೆಯ ಸೈಲೆನ್ಸರಿನಲ್ಲೇ ಮಿಲ್ಲಿಗೆ ಹೋದ, ಬಂದ.

ಒಂದೆರಡು ತಿಂಗಳು ಕಳೆಯಿತು. ಒಂದು ಸಂಜೆ ಅವನು ಹೊಸ್ತಿಲು ದಾಟಿದರೆ ಅವ್ವ ಲೋಟ ಹಿಡಿದು ನಿಂತಿದ್ದಳು. ಟೀ ಹೊಗೆಯಾಡುತ್ತಿತ್ತು. ಅವನಿಗೆ ಜೀವ ಬಂದ ಹಾಗಾಯಿತು. "ಸದ್ದು ಸರಿಹೋಯ್ತಾ ಅವ್ವ?" ಎಂದ.

"ಇಲ್ಲಪ್ಪ. ಇದು ನಿನ್ನ ಸದ್ದು. ಕಲ್ತ್ಕೊಂಡೆ."

ಅವನು ಲೋಟ ಹಿಡಿದು ಕೂತ. ಬಿಸಿ ಟೀಯನ್ನು ಆರಿಸಿಬಿಟ್ಟ. ಇಪ್ಪತ್ತಮೂರು ವರ್ಷ ಆ ಮನೆಗೆ ಸಂಜೆ ಇಬ್ಬರು ಬರುತ್ತಿದ್ದರು, ಈಗ ಒಬ್ಬನೇ ಬರುತ್ತಿದ್ದ. ಅಪ್ಪನನ್ನು ಬೆಸುಗೆ ಹಾಕಿ ಕರೆತರಲು ಹೊರಟವನು, ದಿನವೂ ಹೊಸ್ತಿಲವರೆಗೆ ಬರುತ್ತಿದ್ದವನನ್ನು ತನ್ನ ಕೈಯಿಂದಲೇ ಹಿಂದಕ್ಕೆ ಕಳಿಸಿದ್ದ. ಅವನು ಬಾಯಿಗೆ ಪಂಚೆಯ ಅಂಚು ಒತ್ತಿಕೊಂಡು ಅತ್ತ. ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿತ್ತು. ಅವಳು ಇನ್ನೊಂದು ಲೋಟ ಟೀ ಮಾಡಲು ಎದ್ದಳು.

ಗುರುಗಳು ನಿಲ್ಲಿಸಿದರು. ಮೊರವನ್ನು ಒಮ್ಮೆ ಕೇರಿ, ಅಕ್ಕಿಯನ್ನು ಹರಡಿ, ಮತ್ತೆ ಕಲ್ಲು ಹುಡುಕತೊಡಗಿದರು.

ಪಂಚಾಕ್ಷರಿ ಮೊರದ ಹತ್ತಿರಕ್ಕೆ ಸರಿದ. "ಅವನ ತಪ್ಪೇನು ಗುರುಗಳೇ?" ಎಂದು ಕೇಳಿದ. "ಕಳೆದದ್ದನ್ನು ಹುಡುಕಿದ, ಅಷ್ಟೇ ಅಲ್ಲವೇ? ಕಡಿದದ್ದೂ ತನ್ನದನ್ನೇ."

ಗುರುಗಳು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು.

"ಹುಣ್ಣಿಮೆಯ ದಿನ ನಿನ್ನ ಅಕ್ಕ ಯಾವ ಸದ್ದು ಕೇಳಿ ಒಲೆಯ ಮೇಲೆ ರೊಟ್ಟಿಯ ಹೆಂಚು ಇಡುತ್ತಾಳೆ, ಪಂಚಾಕ್ಷರಿ?"